ಹಸಿವಿನ ಕಾಯಿಲೆಯೂ ವಿಮೆಯ ತಕ್ಕಡಿಯೂ

ಮನುಷ್ಯ ಊಟ ಬಿಡುವುದಕ್ಕೆ ಕಾರಣಗಳು ಹಲವು. ವ್ರತ, ಮುನಿಸು, ಬಡತನ, ಜ್ವರ - ಇವೆಲ್ಲ ನಮಗೆ ಗೊತ್ತಿರುವಂಥವೇ. ಆದರೆ ಎದುರಿಗೆ ತಟ್ಟೆ ತುಂಬ ಅನ್ನವಿದ್ದು, ಹೊಟ್ಟೆಯಲ್ಲಿ ಹಸಿವೂ ಇದ್ದು, ತಿನ್ನಲು ಮನಸ್ಸು ಒಪ್ಪದೆ ದೇಹ ಸೊರಗಿಹೋಗುವ ಕಾಯಿಲೆಯೊಂದಿದೆ. ಇದನ್ನು ಗುರುತಿಸಿ ಚಿಕಿತ್ಸೆ ಕಂಡುಹಿಡಿದದ್ದು ವೈದ್ಯಶಾಸ್ತ್ರದ ಕಥೆ. ಚಿಕಿತ್ಸೆಯ ಖರ್ಚು ಯಾರದು ಎಂಬುದು ಬೇರೆಯೇ ಒಂದು ಕಥೆ. ಅಮೆರಿಕದಲ್ಲಿ ನಡೆದ ಆ ಎರಡನೆಯ ಕಥೆಯನ್ನು ಇಲ್ಲಿ ನೋಡೋಣ.

1873ರಲ್ಲಿ ಪ್ಯಾರಿಸಿನ ವೈದ್ಯ ಚಾರ್ಲ್ಸ್ ಲಸೇಗ್ ಮತ್ತು ಲಂಡನ್ನಿನ ವೈದ್ಯ ವಿಲಿಯಂ ಗಲ್ ಇಬ್ಬರೂ ಬೇರೆ ಬೇರೆಯಾಗಿ ಈ ರೋಗವನ್ನು ವಿವರಿಸಿದರು. ಗಲ್ ಇಟ್ಟ 'ಅನೊರೆಕ್ಸಿಯಾ ನರ್ವೋಸಾ' ಎಂಬ ಹೆಸರು ಉಳಿಯಿತು. ಅದರ ಅರ್ಥ ನರದೌರ್ಬಲ್ಯದಿಂದ ಹಸಿವಿಲ್ಲದಿರುವುದು ಎಂದು. ಹೆಸರು ಅಷ್ಟು ಸರಿಯಲ್ಲ. ರೋಗಿಗೆ ಹಸಿವಿರುತ್ತದೆ, ಹಸಿವಿನೊಡನೆ ಹೋರಾಟವಿರುತ್ತದೆ. ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ 'ಬುಲಿಮಿಯಾ' ಎಂಬ ಇನ್ನೊಂದು ರೂಪವನ್ನು ಜೆರಾಲ್ಡ್ ರಸೆಲ್ 1979ರಲ್ಲಿ ವಿವರಿಸಿದರು. 1983ರಲ್ಲಿ ಪ್ರಸಿದ್ಧ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ತಮ್ಮ 32ನೇ ವಯಸ್ಸಿನಲ್ಲಿ ಅನೊರೆಕ್ಸಿಯಾದಿಂದ ತೀರಿಕೊಂಡಾಗ ಅಮೆರಿಕದ ಮನೆಮನೆಗೂ ಈ ಕಾಯಿಲೆಯ ಹೆಸರು ತಲುಪಿತು.

ಇನ್ನು ವಿಮೆಯ ಕಡೆ ತಿರುಗೋಣ. ಅಮೆರಿಕದ ಆಸ್ಪತ್ರೆ ವಿಮೆಯ ಮೊದಲ ಹೆಜ್ಜೆ 1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ಬಿತ್ತು. ಬೇಲರ್ ಆಸ್ಪತ್ರೆ ಶಾಲಾ ಶಿಕ್ಷಕರಿಂದ ತಿಂಗಳಿಗೆ 50 ಸೆಂಟ್ ಪಡೆದು ವರ್ಷಕ್ಕೆ 21 ದಿನಗಳ ಆಸ್ಪತ್ರೆ ವಾಸದ ಭರವಸೆ ಕೊಟ್ಟಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳಕ್ಕೆ ಕಡಿವಾಣ ಹಾಕಿದಾಗ, ಕಾರ್ಖಾನೆಗಳು ಕೆಲಸಗಾರರನ್ನು ಸೆಳೆಯಲು ವಿಮೆಯ ಸೌಲಭ್ಯ ನೀಡತೊಡಗಿದವು. ಹೀಗೆ ನೌಕರಿಗೂ ವಿಮೆಗೂ ಗಂಟು ಬಿತ್ತು. ಆಗ ಮಾನಸಿಕ ರೋಗಿಗಳ ಹೊಣೆ ಬಹುಪಾಲು ರಾಜ್ಯ ಸರ್ಕಾರಗಳ ದೊಡ್ಡ ಆಸ್ಪತ್ರೆಗಳದ್ದಾಗಿತ್ತು. ಆದ್ದರಿಂದ ವಿಮಾ ಸಂಸ್ಥೆಗಳು ಮನಸ್ಸಿನ ಕಾಯಿಲೆಯನ್ನು ಹೊರಗಿಟ್ಟವು; ಒಳಗೆ ಬಿಟ್ಟುಕೊಂಡಾಗಲೂ ಇಷ್ಟೇ ದಿನ, ಇಷ್ಟೇ ಹಣ ಎಂದು ಗೆರೆ ಎಳೆದವು.

ದೇಹ ಮತ್ತು ಮನಸ್ಸು ಎಂಬ ಈ ವಿಭಜನೆಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದದ್ದು ಊಟದ ಕಾಯಿಲೆ. ಅದು ಮನಸ್ಸಿನಲ್ಲಿ ಬೇರುಬಿಟ್ಟು ಹೃದಯ, ಮೂಳೆ, ರಕ್ತದ ಲವಣಾಂಶಗಳನ್ನು ಕೆಡಿಸುತ್ತದೆ. ಮನೋರೋಗಗಳಲ್ಲಿ ಅತಿ ಹೆಚ್ಚು ಸಾವು ತರುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಆದರೂ 1980ರ ದಶಕದಿಂದ ಖರ್ಚಿನ ಹಿಡಿತ ಬಿಗಿಯಾದಂತೆ, 'ವೈದ್ಯಕೀಯ ಅಗತ್ಯ' ಇದೆಯೇ ಎಂಬ ತೀರ್ಮಾನದಲ್ಲಿ ಚಿಕಿತ್ಸೆ ನೀಡುವ ವೈದ್ಯರ ಮಾತಿಗಿಂತ ದೂರದ ಕಚೇರಿಯ ಪರಿಶೀಲಕರ ಮಾತಿಗೆ ತೂಕ ಬಂತು. ಅವರ ಕೈಗೆ ಸುಲಭವಾಗಿ ಸಿಕ್ಕ ಅಳತೆಗೋಲು ರೋಗಿಯ ತೂಕ. ತೂಕ ಸಾಕಷ್ಟು ಇಳಿದಿಲ್ಲವೆಂದರೆ ದಾಖಲಾತಿ ಇಲ್ಲ. ಸ್ವಲ್ಪ ಏರಿತೆಂದರೆ ಇನ್ನು ಮನೆಗೆ ಹೊರಡಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ತೂಕ ಮರಳಿದ ಮಾತ್ರಕ್ಕೆ ರೋಗ ವಾಸಿಯಾಗದು ಎಂಬುದಕ್ಕೆ ಹಳೆಯ ಪುರಾವೆಯೇ ಇತ್ತು. 1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್, ಯುದ್ಧ ಮಾಡಲೊಪ್ಪದ 36 ಮಂದಿ ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಅಧ್ಯಯನ ಮಾಡಿದರು. ಯುದ್ಧದಿಂದ ಉಪವಾಸ ಬಿದ್ದ ಯೂರೋಪಿನ ಜನರನ್ನು ಚೇತರಿಸುವುದು ಹೇಗೆಂದು ತಿಳಿಯುವುದು ಅವರ ಉದ್ದೇಶ. ಯುವಕರ ತೂಕ ಸುಮಾರು ಕಾಲುಭಾಗ ಇಳಿಯಿತು. ಅವರು ಹಗಲಿರುಳು ಊಟದ್ದೇ ಧ್ಯಾನ ಮಾಡಿದರು, ಅಡುಗೆ ಪುಸ್ತಕಗಳನ್ನು ಓದಿದರು, ಮಂಕಾದರು, ಸಿಡುಕರಾದರು. ಮತ್ತೆ ಊಟ ಸಿಕ್ಕ ಮೇಲೂ ಹಲವರ ಮನಸ್ಸು ಬೇಗನೆ ನೆಟ್ಟಗಾಗಲಿಲ್ಲ. ಯಾವ ಮನೋರೋಗವೂ ಇಲ್ಲದವರ ಗತಿಯೇ ಹೀಗಾದರೆ, ರೋಗಿಯ ಪಾಡೇನು?

ಅದೇ ಮಿನ್ನೆಸೋಟ ರಾಜ್ಯದಲ್ಲಿ 2000ದ ಫೆಬ್ರವರಿಯಲ್ಲಿ ಆನಾ ವೆಸ್ಟಿನ್ ಎಂಬ 21 ವರ್ಷದ ಯುವತಿ ಅನೊರೆಕ್ಸಿಯಾದೊಡನೆ ಸೆಣಸಿ ಜೀವ ಕಳೆದುಕೊಂಡಳು. ಚಿಕಿತ್ಸೆಯ ವೆಚ್ಚಕ್ಕಾಗಿ ಕುಟುಂಬ ವಿಮಾ ಸಂಸ್ಥೆಯೊಡನೆ ಹೆಣಗಬೇಕಾಗಿತ್ತು. ಅದೇ ವರ್ಷ ರಾಜ್ಯದ ಅಟಾರ್ನಿ ಜನರಲ್ ಮೈಕ್ ಹ್ಯಾಚ್, ಮಾನಸಿಕ ಮತ್ತು ಊಟದ ಕಾಯಿಲೆಗಳ ಚಿಕಿತ್ಸೆಗೆ ಹಣ ನಿರಾಕರಿಸಲಾಗುತ್ತಿದೆ ಎಂದು ಮಿನ್ನೆಸೋಟದ ಬ್ಲೂ ಕ್ರಾಸ್ ಸಂಸ್ಥೆಯ ಮೇಲೆ ದಾವೆ ಹೂಡಿದರು. 2001ರಲ್ಲಿ ರಾಜಿಯಾಯಿತು. ನಿರಾಕರಣೆಗಳನ್ನು ಪರಿಶೀಲಿಸಲು ಮೂವರು ಸದಸ್ಯರ ಸ್ವತಂತ್ರ ಸಮಿತಿಯೊಂದು ಬಂತು. ತೀರ್ಪುಗಾರನೂ ಹಣ ಕೊಡುವವನೂ ಒಬ್ಬನೇ ಆಗಿರಬಾರದೆಂಬ ಸರಳ ನ್ಯಾಯ ಅಲ್ಲಿ ಒಪ್ಪಿತವಾಯಿತು.

ದೇಶದ ಕಾನೂನು ನಿಧಾನವಾಗಿ ನಡೆಯಿತು. ಎರಡು ಬೇರೆ ಬೇರೆ ಪಕ್ಷಗಳ ಸೆನೆಟರುಗಳಾದ ಪಾಲ್ ವೆಲ್‌ಸ್ಟೋನ್ ಮತ್ತು ಪೀಟ್ ಡೊಮೆನಿಚಿ ಕೈಜೋಡಿಸಿದ್ದರಿಂದ 1996ರಲ್ಲಿ ಮಾನಸಿಕ ಆರೋಗ್ಯ ಸಮಾನತೆಯ ಮೊದಲ ಕಾಯಿದೆ ಬಂತು. ಅದು ಹಣದ ವಾರ್ಷಿಕ ಮತ್ತು ಆಜೀವ ಮಿತಿಗಳನ್ನಷ್ಟೇ ಸಮಗೊಳಿಸಿತು. ದಿನಗಳ ಲೆಕ್ಕ, ಭೇಟಿಗಳ ಲೆಕ್ಕ ಹಾಗೇ ಉಳಿದವು. ಮಿನ್ನೆಸೋಟದವರೇ ಆದ ವೆಲ್‌ಸ್ಟೋನ್ 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇಬ್ಬರ ಹೆಸರನ್ನೂ ಹೊತ್ತ ಎರಡನೆಯ ಕಾಯಿದೆ 2008ರ ಅಕ್ಟೋಬರಿನಲ್ಲಿ, ಬ್ಯಾಂಕುಗಳನ್ನು ಉಳಿಸುವ ಮಸೂದೆಯ ಜೊತೆಗೇ ಅಂಗೀಕಾರವಾಯಿತು. ದಿನ ಮತ್ತು ಭೇಟಿಗಳ ಮಿತಿಯಲ್ಲೂ ತಾರತಮ್ಯ ಸಲ್ಲದು ಎಂದು ಅದು ವಿಧಿಸಿತು. ಆದರೆ ಅದು ಊಟದ ಕಾಯಿಲೆಯನ್ನು ಹೆಸರಿಸಿರಲಿಲ್ಲ. ವಸತಿ ಚಿಕಿತ್ಸೆಗೆ ಇದು ಅನ್ವಯಿಸುತ್ತದೆಯೇ ಎಂಬ ವಾದ ಮುಂದುವರಿಯಿತು. 2011ರಲ್ಲಿ ಕ್ಯಾಲಿಫೋರ್ನಿಯಾದ ಪ್ರಕರಣವೊಂದರಲ್ಲಿ ಮೇಲ್ಮನವಿ ನ್ಯಾಯಾಲಯ, ಆ ರಾಜ್ಯದ ಸಮಾನತಾ ಕಾಯಿದೆಯಂತೆ ಅನೊರೆಕ್ಸಿಯಾಕ್ಕೆ ಅಗತ್ಯವಾದ ವಸತಿ ಚಿಕಿತ್ಸೆಗೂ ಹಣ ಕೊಡಬೇಕೆಂದಿತು. 2013ರಲ್ಲಿ ಮನೋವೈದ್ಯರ ರೋಗಪಟ್ಟಿಯೂ ಅನೊರೆಕ್ಸಿಯಾ ನಿರ್ಣಯದಲ್ಲಿ ನೀಡಿದ್ದ ಶೇಕಡಾ 85ರ ತೂಕದ ಸೂಚಕವನ್ನು ಕೈಬಿಟ್ಟಿತು. ಕೊನೆಗೆ 2016ರ ಡಿಸೆಂಬರಿನಲ್ಲಿ, ಆನಾ ವೆಸ್ಟಿನ್ ಹೆಸರಿನ ಮಸೂದೆಯ ಅಂಶಗಳನ್ನು ಒಳಗೊಂಡ ಕಾನೂನಿಗೆ ಅಧ್ಯಕ್ಷ ಒಬಾಮ ಸಹಿ ಹಾಕಿದರು. ಅಮೆರಿಕದ ರಾಷ್ಟ್ರೀಯ ಸಮಾನತಾ ಕಾನೂನಿನಲ್ಲಿ ಊಟದ ಕಾಯಿಲೆಯ ಹೆಸರು, ವಸತಿ ಚಿಕಿತ್ಸೆಯ ಸಮೇತ, ಸ್ಪಷ್ಟವಾಗಿ ಸೇರಿತು.

ನಮ್ಮ ದೇಶದಲ್ಲೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ದೇಹದ ಕಾಯಿಲೆಗೆ ಇರುವ ಆಧಾರದ ಮೇಲೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದು ಹೇಳಿದೆ. 2018ರಲ್ಲಿ ಅದು ಜಾರಿಗೆ ಬಂತು. ಕಾಯಿದೆ ಬಂದೊಡನೆ ಕೆಲಸ ಮುಗಿಯುವುದಿಲ್ಲ ಎಂಬುದೇ ಅಮೆರಿಕದ ಅನುಭವ ಕಲಿಸುವ ಪಾಠ. ಸಮಾನತೆ ಎಂಬ ಪದ ಕಾಗದದಲ್ಲಿದ್ದರೂ 'ಅಗತ್ಯ' ಎಂಬ ಇನ್ನೊಂದು ಪದಕ್ಕೆ ಅರ್ಥ ಹೇಳುವವರು ಯಾರು ಎಂಬುದರ ಮೇಲೆ ರೋಗಿಯ ಹಣೆಬರಹ ನಿಂತಿರುತ್ತದೆ. ಹಾಗಾಗಿ ನಿರಾಕರಣೆಯ ಪತ್ರ ಬಂದಾಗ ಅದನ್ನೇ ಕೊನೆಯ ಮಾತೆಂದು ತಿಳಿಯದೆ, ಕಾರಣವನ್ನು ಲಿಖಿತವಾಗಿ ಕೇಳಿ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಬಳಸಬೇಕು. ಹಾಗೆ ಕೇಳಿದ ಕುಟುಂಬಗಳಿಂದಲೇ ಈ ಕಾನೂನುಗಳು ಹುಟ್ಟಿದವು.