ಮೂರೆಳೆಯ ಹುರಿ, ಅದನ್ನು ಹಿಡಿಯುವ ಕೈ

ಸುವರ್ಣ ಮಹೋತ್ಸವದ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಕೆಂಪೇಗೌಡರು ಕಟ್ಟಿಸಿದ ಪೇಟೆಗಳ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬಹುದು. ನಾನು ವಿಜ್ಞಾನದ ಮೇಷ್ಟ್ರು. ನನಗೆ ಹೇಳಲು ಬರುವ ಚರಿತ್ರೆ ಬೇರೆ. ಆದರೆ ಅದನ್ನೂ ಬಳೇಪೇಟೆಯ ಬೀದಿಯಿಂದಲೇ ಶುರು ಮಾಡಬಹುದು.

ಬಳೆ ತೊಡುವಾಗ ಗಾಜಿನ ಬಳೆಯೊಂದು ಒಡೆದು ಮುಂಗೈಗೆ ಗೀರುತ್ತದೆ. ರಕ್ತ ಜಿನುಗುತ್ತದೆ. ಬೆರಳಿನಿಂದ ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ಅದು ಹೇಗೆ ನಿಂತಿತು? ಅದೇ ಬೀದಿಯ ವಾದ್ಯದ ಅಂಗಡಿಗಳಲ್ಲಿ ಮೃದಂಗಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮುಚ್ಚಿಗೆಯ ಚರ್ಮವನ್ನು ಬಾರಿನಿಂದ ಬಿಗಿದು, ವರ್ಷಗಟ್ಟಲೆ ಬಾರಿಸಿದರೂ ಅದು ಬೇಗ ಹರಿಯುವುದಿಲ್ಲ. ಅದಕ್ಕೆ ಆ ಬಲ ಎಲ್ಲಿಂದ ಬಂತು? ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಪದಾರ್ಥದಲ್ಲಿದೆ. ಅದರ ಹೆಸರು ಕೊಲಾಜೆನ್.

ಚರ್ಮ, ಮೂಳೆ, ಸ್ನಾಯುರಜ್ಜು, ರಕ್ತನಾಳದ ಗೋಡೆ ಎಲ್ಲದರಲ್ಲೂ ಇರುವ ಪ್ರೋಟೀನು ಇದು. ನಮ್ಮ ಮೈಯ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಇದೊಂದೇ. ಹಿಂದೆ ಬಡಗಿಗಳು ಬಳಸುತ್ತಿದ್ದ, ಚರ್ಮ ಮೂಳೆಗಳನ್ನು ಬೇಯಿಸಿ ತೆಗೆದ ಅಂಟು ಇದರಿಂದಲೇ ಆದದ್ದು. ಗ್ರೀಕ್ ಭಾಷೆಯಲ್ಲಿ ‘ಕೊಲ್ಲ’ ಎಂದರೆ ಅಂಟು. ಅಂಟನ್ನು ಹುಟ್ಟಿಸುವಂಥದು ಕೊಲಾಜೆನ್.

ಬೆಂಗಳೂರಿಗೂ ಈ ಕಥೆಗೂ ನಂಟು ಬೆಳೆದದ್ದು ಸರ್ ಸಿ. ವಿ. ರಾಮನ್ ಅವರಿಂದ. ರಾಮನ್ ಅವರಿಗೆ ವಾದ್ಯಗಳ ಮೇಲೆ ಬಹಳ ಪ್ರೀತಿ. ಮೃದಂಗ, ತಬಲಾಗಳ ನಾದ ಬೇರೆ ಚರ್ಮವಾದ್ಯಗಳಂತೆ ಒಡಕಾಗಿರದೆ ಸ್ವರಬದ್ಧವಾಗಿ ಏಕೆ ಕೇಳುತ್ತದೆ ಎಂಬುದನ್ನು ಅವರು 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1933ರಲ್ಲಿ ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದ ಮೇಲೆ 1934ರಲ್ಲಿ ಮತ್ತೆ ಅದೇ ವಿಷಯವನ್ನು ವಿಸ್ತಾರವಾಗಿ ಬರೆದರು. ಮುಚ್ಚಿಗೆಯ ನಡುವಿನ ಕರಣೆಯ ಭಾರವೇ ಅದರ ಗುಟ್ಟು ಎಂದು ತೋರಿಸಿದರು.

ಅವರ ಬಳಿಗೆ 1942ರಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಬಂದು ಸೇರಿದ. ಹೆಸರು ಜಿ. ಎನ್. ರಾಮಚಂದ್ರನ್, ಊರು ಎರ್ನಾಕುಲಂ. ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲು, ಸೇರಿದ್ದು ರಾಮನ್ ಅವರ ಭೌತವಿಜ್ಞಾನ ವಿಭಾಗಕ್ಕೆ. ಗುರುಗಳು ಚರ್ಮದ ನಾದವನ್ನು ಹಿಡಿದರು. ಶಿಷ್ಯರು ಮುಂದೆ ಚರ್ಮದ ಒಳಗಿನ ಎಳೆಯನ್ನೇ ಬಿಡಿಸಿದರು.

ಕೇಂಬ್ರಿಜ್‌ನಲ್ಲಿ ಓದಿ ಬಂದ ರಾಮಚಂದ್ರನ್, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು. ಆ ಹೊತ್ತಿಗೆ ಮದ್ರಾಸಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜೆನ್ನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಮಾತಿನ ನಡುವೆ ಹೇಳಿದರು. ಅಷ್ಟೇ ಸಾಕಾಯಿತು. ಪಕ್ಕದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ತಂದರು. ಅದರ ಮೂಲಕ ಎಕ್ಸ್-ಕಿರಣ ಹಾಯಿಸಿ ಚಿತ್ರ ತೆಗೆದರು. 1954ರಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ‘ನೇಚರ್’ನಲ್ಲಿ ಉತ್ತರ ಬರೆದರು: ಕೊಲಾಜೆನ್ ಮೂರು ಸರಪಳಿಗಳು ಜೊತೆಗೂಡಿದ ರಚನೆ. ಮರುವರ್ಷವೇ ಅದನ್ನು ತಿದ್ದಿ, ಮೂರೂ ಸರಪಳಿಗಳು ಒಂದನ್ನೊಂದು ಸುತ್ತಿಕೊಂಡಿವೆ ಎಂದರು.

ಹುರಿ ಹೊಸೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದೊಂದು ಎಳೆಯನ್ನು ಒಂದು ಕಡೆಗೆ ತಿರುಚಿ, ಎಲ್ಲ ಎಳೆಗಳನ್ನೂ ಸೇರಿಸಿ ಎದುರು ದಿಕ್ಕಿಗೆ ಹೊಸೆದರೆ ಹುರಿ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜೆನ್ ಕೂಡ ಹಾಗೆಯೇ: ಪ್ರತಿ ಸರಪಳಿ ಎಡಕ್ಕೆ ತಿರುಚಿದೆ, ಮೂರೂ ಸೇರಿ ಬಲಕ್ಕೆ ಸುತ್ತಿವೆ. ಸರಪಳಿಯ ಪ್ರತಿ ಮೂರನೆಯ ಕೊಂಡಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ, ಏಕೆಂದರೆ ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಬೇರೆಯದಕ್ಕೆ ಜಾಗವಿಲ್ಲ. ಜೀನಿನಲ್ಲಿ ತಪ್ಪಾಗಿ ಒಂದು ಗ್ಲೈಸಿನ್ ಬದಲು ಬೇರೊಂದು ಬಂದು ಕೂತರೂ ಸಾಕು, ಮೂಳೆಗಳು ಗಾಜಿನ ಬಳೆಯಂತೆ ಮುರಿಯುವ ಕಾಯಿಲೆ ಮಕ್ಕಳಿಗೆ ಬರಬಹುದು.

ಮದ್ರಾಸಿನ ಉತ್ತರವನ್ನು ಎಲ್ಲರೂ ಒಪ್ಪಲಿಲ್ಲ. ಡಿಎನ್‌ಎ ರಚನೆಯಿಂದ ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಜೊತೆಗೂಡಿ 1955ರಲ್ಲಿ ಆಕ್ಷೇಪ ಎತ್ತಿದರು. ಮೂರೆಳೆ ಸರಿ, ಆದರೆ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಎಂಬುದು ಅವರ ವಾದ. ಆ ಮಾತಿನಲ್ಲಿ ಹುರುಳಿತ್ತು. ಎಳೆಗಳನ್ನು ಕಟ್ಟುವ ಹೈಡ್ರೋಜನ್ ಬಂಧಗಳ ಲೆಕ್ಕದಲ್ಲಿ ಕೊನೆಗೆ ನಿಂತದ್ದು ಅವರ ಮಾತೇ.

ಇಲ್ಲಿ ನಮ್ಮ ಮಕ್ಕಳು ಗಮನಿಸಬೇಕಾದ ಸಂಗತಿಯಿದೆ. ರಾಮಚಂದ್ರನ್ ಮುನಿಸಿಕೊಂಡು ಕೂರಲಿಲ್ಲ. ‘ಹತ್ತಿರ ಎಂದರೆ ಎಷ್ಟು ಹತ್ತಿರ?’ ಎಂದು ಕೇಳಿದರು. ಅಲ್ಲಿಯವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನು ಜಾಲಾಡಿ, ಎರಡು ಪರಮಾಣುಗಳು ಎಷ್ಟರವರೆಗೆ ಹತ್ತಿರ ಬರಬಲ್ಲವೆಂದು ಪಟ್ಟಿ ಮಾಡಿದರು. ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಜೊತೆಗೆ, ಕಂಪ್ಯೂಟರಿನ ನೆರವು ಸುಲಭವಾಗಿ ಸಿಗದ ಆ ಕಾಲದಲ್ಲಿ, ಮೇಜಿನ ಮೇಲಿನ ಲೆಕ್ಕದ ಯಂತ್ರ ತಿರುಗಿಸಿ ಲೆಕ್ಕ ಹಾಕಿದರು. 1963ರಲ್ಲಿ ಅದು ಒಂದು ನಕ್ಷೆಯಾಗಿ ಹೊರಬಂತು. ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂದು ತೋರಿಸುವ ನಕ್ಷೆ ಅದು. ಕೊಲಾಜೆನ್ನಿಗೆ ಮಾತ್ರವಲ್ಲ, ಎಲ್ಲ ಪ್ರೋಟೀನುಗಳಿಗೂ ಅನ್ವಯಿಸುವಂಥದು. ಇಂದು ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಹೊಸ ಪ್ರೋಟೀನಿನ ರಚನೆ ಕಂಡರೂ ಅದನ್ನು ಮೊದಲು ‘ರಾಮಚಂದ್ರನ್ ನಕ್ಷೆ’ಗೆ ಹಿಡಿದು ನೋಡುತ್ತಾರೆ.

ಈಗ ಬಳೆಯ ಗೀರಿಗೆ ಬರೋಣ. ರಕ್ತನಾಳ ಹರಿದಾಗ ಅದರ ಗೋಡೆಯ ಕೊಲಾಜೆನ್ ರಕ್ತಕ್ಕೆ ತೆರೆದುಕೊಳ್ಳುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳು ಬಂದು ಆ ಹುರಿಯನ್ನು ಹಿಡಿದುಕೊಳ್ಳುತ್ತವೆ. ಹಿಡಿಯಲು ಅವುಗಳ ಮೈಮೇಲೆ ಕೈಗಳಂಥ ಪ್ರೋಟೀನುಗಳಿವೆ. ಅವುಗಳಲ್ಲಿ ಮುಖ್ಯವಾದ ಒಂದು ಇಂಟೆಗ್ರಿನ್ ಜಾತಿಗೆ ಸೇರಿದ್ದು, ಆಲ್ಫಾ-2 ಬೀಟಾ-1 ಎಂಬ ಜೋಡಿ. ಆಲ್ಫಾ-2 ಭಾಗವನ್ನು ಮಾಡಿಸುವ ಜೀನಿಗೆ ಐಟಿಜಿಎ2 ಎಂದು ಹೆಸರು. ಅದು ನಮ್ಮ 5ನೆಯ ಕ್ರೋಮೋಸೋಮಿನಲ್ಲಿದೆ.

ಈ ಕೈಯ ಬೆಲೆ ತಿಳಿದದ್ದು ಅದು ಇಲ್ಲದವರಿಂದ. 1985ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು ಒಬ್ಬ ಮಹಿಳೆಯ ವಿಷಯ ಬರೆದರು. ಆಕೆಗೆ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಪರೀಕ್ಷಿಸಿದಾಗ ಆಕೆಯ ಪ್ಲೇಟ್‌ಲೆಟ್‌ಗಳು ಕೊಲಾಜೆನ್ನಿಗೆ ಸ್ಪಂದಿಸುತ್ತಲೇ ಇರಲಿಲ್ಲ. ಅವುಗಳ ಮೇಲೆ ಈ ಪ್ರೋಟೀನಿನ ಕೊರತೆಯಿತ್ತು. 1989ರಲ್ಲಿ ಆಲ್ಫಾ-2ರ ಅಮೈನೋ ಆಮ್ಲಗಳ ಸಾಲನ್ನು ಪೂರ್ತಿ ಓದಲಾಯಿತು. 2000ದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ವಿಜ್ಞಾನಿಗಳು, ಆ ಕೈ ಕೊಲಾಜೆನ್ನಿನ ಒಂದು ತುಣುಕನ್ನು ಹಿಡಿದ ಸ್ಥಿತಿಯಲ್ಲೇ ಹರಳುಗಟ್ಟಿಸಿ ಚಿತ್ರ ತೆಗೆದರು. ಹುರಿಯಿಂದ ಹೊರಚಾಚಿದ ಒಂದು ಗ್ಲುಟಾಮಿಕ್ ಆಮ್ಲ, ಕೈಯೊಳಗಿನ ಲೋಹದ ಅಯಾನಿಗೆ ಸಿಕ್ಕಿಕೊಂಡಿತ್ತು. ಕೈಯಲ್ಲಿದ್ದದ್ದು ಅದೇ ಮೂರೆಳೆಯ ಹುರಿ.

ಆ ಹುರಿ ಗಟ್ಟಿಯಾಗಿರಲು ಸಿ ವಿಟಮಿನ್ ಬೇಕು. ಅದು ತೀರ ಕಡಿಮೆಯಾದರೆ ವಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗ ಬರುತ್ತದೆ. ಶಾಲೆಯ ಗೇಟಿನ ಬಳಿ ಉಪ್ಪು ಖಾರ ಹಚ್ಚಿದ ನೆಲ್ಲಿಕಾಯಿ ತಿಂದವರೆಲ್ಲ, ಗೊತ್ತಿಲ್ಲದೆಯೇ ಈ ಹುರಿಯನ್ನು ಪೋಷಿಸಿದ್ದಾರೆ.

ರಾಮಚಂದ್ರನ್ ಮತ್ತೆ ಬೆಂಗಳೂರಿಗೆ ಬಂದು, 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು. ಅವರಿಗೆ ನೊಬೆಲ್ ಬರಲಿಲ್ಲ. 2001ರ ಏಪ್ರಿಲ್ 7ರಂದು ತೀರಿಕೊಂಡರು. ಅವರು ಕಟ್ಟಿದ ವಿಭಾಗ ಇಂದಿಗೂ ನಡೆಯುತ್ತಿದೆ.

ನಮ್ಮ ಶಾಲೆಯ ಮಕ್ಕಳಿಗೆ ಒಂದು ಮಾತು. ಟಾಟಾ ಇನ್‌ಸ್ಟಿಟ್ಯೂಟ್ ದೊಡ್ಡವರ ಜಾಗ, ಇಂಗ್ಲಿಷ್ ಬಲ್ಲವರ ಜಾಗ ಎಂದು ನಿಮ್ಮಲ್ಲಿ ಹಲವರು ನನ್ನೊಡನೆ ಹೇಳಿದ್ದುಂಟು. ಬಳೇಪೇಟೆಯಿಂದ ಮೆಜೆಸ್ಟಿಕ್‌ಗೆ ನಡೆದು ಹೋಗಿ ಒಂದು ಬಸ್ಸು ಹತ್ತಿದರೆ ಸಿಗುವ ಜಾಗ ಅದು. ವರ್ಷಕ್ಕೊಮ್ಮೆ ‘ಓಪನ್ ಡೇ’ ದಿನ ಅದರ ಬಾಗಿಲು ಸಾರ್ವಜನಿಕರಿಗೆಲ್ಲ ತೆರೆದಿರುತ್ತದೆ. ಈ ಸಲ ಹೋಗಿ ಬನ್ನಿ. ಅಲ್ಲಿ ಯಾರಾದರೂ ಸಿಕ್ಕರೆ, ಮೃದಂಗದ ಚರ್ಮ ಏಕೆ ಹರಿಯುವುದಿಲ್ಲ ಎಂದು ಕನ್ನಡದಲ್ಲೇ ಕೇಳಿ.