ಉಪ್ಪು ತಿಂದ ಗದ್ದೆ

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಡುವುದು ವಾಡಿಕೆ. 1995ರ ಬೇಸಿಗೆ ರಜೆಯಲ್ಲಿ ನಾನು ತವರಿಗೆ ಹೋದಾಗ ಅತ್ತಿಗೆ ಬೆಲ್ಲವನ್ನೇನೋ ತಂದಿಟ್ಟಳು, ನೀರು ಬರಲು ತಡವಾಯಿತು. ಬಂದದ್ದೂ ಅರ್ಧ ಚೊಂಬು. "ನಮ್ಮ ಬಾವಿ ನೀರು ಕುಡಿಯೂಕೆ ಬರ್ತಿಲ್ಲ. ಇದು ಗುಡ್ಡದ ಬುಡದ ಬಾವಿಯಿಂದ ತಂದದ್ದು" ಎಂದಳು. ಅವಳ ತಲೆಯ ಮೇಲೆ ಕೊಡದ ಸಿಂಬೆ ಇನ್ನೂ ಹಾಗೆಯೇ ಇತ್ತು.

ಬಾವಿಯ ನೀರು ಕೆಟ್ಟಿತೆಂದು ಯಾವ ಪ್ರಯೋಗಾಲಯವೂ ನಮಗೆ ಹೇಳಬೇಕಾಗಿರಲಿಲ್ಲ, ಒಲೆಯೇ ಹೇಳಿತ್ತು. ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿರಲಿಲ್ಲ, ಚಹಾಕ್ಕೆ ಹಾಕಿದ ಹಾಲು ಒಡೆಯುತ್ತಿತ್ತು, ಸಾಬೂನು ನೊರೆ ಕೊಡುತ್ತಿರಲಿಲ್ಲ. ಅಂಗಳದ ಮಲ್ಲಿಗೆ ಬಳ್ಳಿಯ ಎಲೆಯ ಅಂಚು ಸುಟ್ಟಂತಾಗಿತ್ತು. ಇದನ್ನೆಲ್ಲ ನೋಡಿ ನಾನು ಯಾರನ್ನೂ ಬೈಯುವಂತಿರಲಿಲ್ಲ. ಆ ಉಪ್ಪಿನಲ್ಲಿ ನನ್ನ ಕೈಯೂ ಇತ್ತು.

ನನ್ನ ತವರು ಅಘನಾಶಿನಿ ಅಳಿವೆಯ ಅಂಚಿನ ಒಂದು ಹಳ್ಳಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ಈ ನದಿಗೆ ಅಣೆಕಟ್ಟಿಲ್ಲ. ಸಿಹಿನೀರು ಕೆಳಗಿಳಿಯುತ್ತದೆ, ಭರತದಲ್ಲಿ ಉಪ್ಪುನೀರು ಮೇಲೇರುತ್ತದೆ. ಎರಡೂ ಸೇರುವ ತಗ್ಗಿನಲ್ಲಿ ನಮ್ಮ ಹಿರಿಯರು ಒಡ್ಡು ಕಟ್ಟಿ ಮಾಡಿದ ಗದ್ದೆಗಳೇ ಗಜನಿ. ಗೋವೆಯ ಖಾಜನ್, ಕೇರಳದ ಪೊಕ್ಕಾಳಿ ಗದ್ದೆಗಳು ಇದರ ಅಕ್ಕತಂಗಿಯರು.

ಗಜನಿಯ ಬೇಸಾಯವೆಂದರೆ ಸಮುದ್ರದ ಜೊತೆ ಮಾಡಿಕೊಂಡ ಒಪ್ಪಂದ. ಮಳೆಗಾಲದಲ್ಲಿ ತೂಬಿನ ಹಲಗೆ ಇಳಿಸಿ ಉಪ್ಪುನೀರನ್ನು ತಡೆಯುತ್ತಿದ್ದರು. ಇಳಿತದಲ್ಲಿ ಹಲಗೆ ಎತ್ತಿ ಮಳೆನೀರನ್ನು ಹೊರಗೆ ಬಿಡುತ್ತಿದ್ದರು. ಹೀಗೆ ಹಲವು ಸಲ ತೊಳೆದ ಮಣ್ಣಿನಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿತ್ತು. ಆಳೆತ್ತರಕ್ಕೆ ನಿಲ್ಲುವ, ಅಷ್ಟಿಷ್ಟು ಉಪ್ಪಿಗೆ, ಕೆಲವು ದಿನದ ನೆರೆಗೆ ಜಗ್ಗದ ತಳಿ ಅದು. ಕೊಯ್ಲಾದ ಮೇಲೆ ಹಲಗೆ ಎತ್ತಿದರೆ ಭರತದ ನೀರಿನೊಡನೆ ಮೀನು, ಸಿಗಡಿ ತಾವಾಗಿ ಒಳಗೆ ಬರುತ್ತಿದ್ದವು. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಅವುಗಳಿಗೆ ಮೇವಾಗುತ್ತಿತ್ತು, ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರವಾಗುತ್ತಿತ್ತು. ಅಂಗಡಿಯ ಗೊಬ್ಬರವನ್ನು ನಮ್ಮ ಗಜನಿ ಕಂಡದ್ದೇ ಇಲ್ಲ. ಬಿತ್ತುವ ಮೊದಲು ಅಜ್ಜ ಗದ್ದೆಯ ಮೂಲೆಯ ನೀರಿಗೆ ಬೆರಳು ಅದ್ದಿ ನಾಲಗೆಗೆ ಹಚ್ಚಿ ನೋಡುತ್ತಿದ್ದ. "ಹೋಗದೆ" ಎಂದರೆ ಉಪ್ಪು ಹೋಗಿದೆ, ಬಿತ್ತಬಹುದು ಎಂದರ್ಥ. ಸಿಗಡಿ ನಮಗೆ ಹೊಸದಲ್ಲ ಎಂದು ಹೇಳುವುದಕ್ಕೆ ಇಷ್ಟು ವಿವರ ಬೇಕಾಯಿತು. ಹೊಸದಾಗಿ ಬಂದದ್ದು ಸಿಗಡಿಯಲ್ಲ, ಅದರ ಆತುರ.

1993ರಲ್ಲಿ ನಾನು ಬಿ.ಎ., ಬಿ.ಎಡ್. ಮುಗಿಸಿ ಘಟ್ಟದ ಮೇಲಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಲು ಸೇರಿ ಒಂದು ವರ್ಷವಾಗಿತ್ತು. ಚೌತಿಯ ರಜೆಗೆ ಮನೆಗೆ ಬಂದಾಗ ಜೀಪಿನಲ್ಲಿ ಬಂದ ಒಬ್ಬ ಗುತ್ತಿಗೆದಾರರು ಜಗಲಿಯ ಮೇಲೆ ಕುಳಿತಿದ್ದರು. ಹೊರದೇಶಕ್ಕೆ ಹೋಗುವ ಹುಲಿ ಸಿಗಡಿಯ ಹೊಂಡಕ್ಕೆ ನಮ್ಮ ಗಜನಿ ಬೇಕಂತೆ. ಭತ್ತದಲ್ಲಿ ನಾವು ಎಂದೂ ಕಾಣದ ಬಾಡಿಗೆ ಹೇಳಿದರು. ಮನೆಯಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ ಕರಾರು ಪತ್ರ ನನ್ನ ಕೈಗೆ ಬಂತು. ಅವಧಿ ಮುಗಿದ ಮೇಲೆ ಜಮೀನನ್ನು "ಇದ್ದ ಸ್ಥಿತಿಯಲ್ಲಿ" ಬಿಟ್ಟುಕೊಡತಕ್ಕದ್ದು ಎಂದು ಅದರಲ್ಲಿತ್ತು. ಸರಿಯಾಗಿದೆ ಎಂದೆ.

ಅಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದಳು. ಮನೆಯಲ್ಲಿ ಎಲ್ಲರೂ ನನ್ನನ್ನು ತಂಗಿ ಎಂದೇ ಕರೆಯುವುದು. "ತಂಗೀ, ಮಳೆಗಾಲದಲ್ಲೂ ನೀರು ಹೊಂಡದಲ್ಲೇ ನಿಲ್ತದಂತೆ. ಹಾಗಾದ್ರೆ ಗದ್ದೆ ಉಪ್ಪು ತೊಳ್ಕೊಳ್ಳೋದು ಯಾವಾಗ?"

"ಅದನ್ನೆಲ್ಲ ಇಂಜಿನಿಯರುಗಳು ನೋಡ್ಕೊಳ್ತಾರಮ್ಮ" ಎಂದುಬಿಟ್ಟೆ. ಅಮ್ಮ ಹೆಬ್ಬೆಟ್ಟು ಒತ್ತಿದಳು.

ಅಮ್ಮನ ಪ್ರಶ್ನೆಗೆ ಉತ್ತರ ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಯಂತ್ರ ತಂದು ಗದ್ದೆಯನ್ನು ಆಳಕ್ಕೆ ತೋಡಿ, ಏರಿ ಎತ್ತರಿಸಿದರು. ನದಿಯಂಚಿನ ಕಾಂಡ್ಲಾ ಗಿಡಗಳನ್ನು ಕಡಿದರು. ಪಂಪಿನಿಂದ ಉಪ್ಪುನೀರು ತುಂಬಿ ಮರಿ ಬಿಟ್ಟು, ಚೀಲಗಟ್ಟಲೆ ಆಹಾರ ಸುರಿದರು. ನಿಂತ ಉಪ್ಪುನೀರು ಕೆಳಗೂ ಬದಿಗೂ ಜಿನುಗಿ ಬಾವಿಯ ಒರತೆಗೆ ಸೇರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಜೇಡಿಮಣ್ಣಿನ ಹೆಂಟೆಯ ಕಟ್ಟನ್ನೇ ಬಿಡಿಸುತ್ತದೆ. ಅಂಥ ಮಣ್ಣು ಮಳೆಗೆ ಅಂಟುಕೆಸರು, ಬಿಸಿಲಿಗೆ ಕಲ್ಲು. ನೀರು ಒಳಗಿಳಿಯದ ಮೇಲೆ ಉಪ್ಪನ್ನು ತೊಳೆಯುವ ದಾರಿಯೂ ಮುಚ್ಚುತ್ತದೆ. ಕಾಂಡ್ಲಾ ಬೆಳೆದ ನೆಲದಡಿಯಲ್ಲಿ ಗಂಧಕ ಕಬ್ಬಿಣದೊಡನೆ ಸೇರಿಕೊಂಡು ಮಲಗಿರುತ್ತದೆ. ಅದನ್ನು ತೋಡಿ ಗಾಳಿಗೆ ತೆರೆದರೆ ಹುಳಿ ಹುಟ್ಟಿ ಮಣ್ಣು ಇನ್ನಷ್ಟು ಕೆಡುತ್ತದೆ. ತಿಂದುಳಿದ ಆಹಾರ, ಸಿಗಡಿಯ ಹಿಕ್ಕೆ ತಳದಲ್ಲಿ ಕೊಳೆತು ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ರಾಡಿಯಾಗುತ್ತದೆ. ಹೊಂಡ ಬಸಿದಾಗ ಅದೇ ರಾಡಿ ಹೊಳೆಗೆ. ಅದೇ ಹೊಳೆಯ ನೀರು ಪಕ್ಕದ ಹೊಂಡಕ್ಕೆ.

ನನ್ನನ್ನು ಈಗಲೂ ಚುಚ್ಚುವುದು ನಮ್ಮ ಬಾವಿಯಲ್ಲ, ಪಕ್ಕದ ಮನೆಯವರ ಬಾವಿ. ಅವರಿಗೆ ಗಜನಿಯೂ ಇರಲಿಲ್ಲ, ಬಾಡಿಗೆಯೂ ಬರಲಿಲ್ಲ. ಇಳಿತದಲ್ಲಿ ಹೊಳೆಗಿಳಿದು ಬಳಚು ಹೆಕ್ಕಿ ಮಾರಿ ಬದುಕುತ್ತಿದ್ದ ಆ ಹೆಂಗಸು ನನ್ನಮ್ಮನಿಗಿಂತ ಮೊದಲೇ ಗುಡ್ಡದ ಬುಡಕ್ಕೆ ಕೊಡ ಹೊತ್ತಿದ್ದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಗಾದೆ. ಇಲ್ಲಿ ಉಪ್ಪು ತಿಂದವರು ಯಾರೋ, ನೀರು ಹೊತ್ತವರು ಯಾರೋ.

ನಮ್ಮದು ಒಂದು ಊರಿನ ಕಥೆಯಾಗಿರಲಿಲ್ಲ. ಪೂರ್ವ ಕರಾವಳಿಯಲ್ಲಿ ಇದು ಇನ್ನೂ ದೊಡ್ಡದಾಗಿ ನಡೆದಿತ್ತು. ತಂಜಾವೂರಿನ ಬಯಲಿನ ಕೀಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರಂದು 44 ಮಂದಿ ದಲಿತರನ್ನು ಸುಟ್ಟು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಆ ಘಟನೆಯ ನಂತರ ಸರ್ವೋದಯದ ಜಗನ್ನಾಥನ್ ಮತ್ತು ಕೃಷ್ಣಮ್ಮಾಳ್ ದಂಪತಿ ಆ ಸೀಮೆಗೆ ಹೋಗಿ ನೆಲೆಸಿದರು. 1981ರಲ್ಲಿ ಲಾಫ್ಟಿ ಎಂಬ ಸಂಸ್ಥೆ ಕಟ್ಟಿ, ಜಮೀನುದಾರರಿಂದ ಭೂಮಿ ಕೊಂಡು ಕೂಲಿ ಹೆಂಗಸರ ಹೆಸರಿಗೆ ಮಾಡಿಸತೊಡಗಿದರು. ಕೃಷ್ಣಮ್ಮಾಳ್ ಸ್ವತಃ ಬಡ ದಲಿತ ಕುಟುಂಬದ ಮಗಳು. ಅಂಥ ಕಡೆಯಲ್ಲೇ ತೊಂಬತ್ತರ ದಶಕದಲ್ಲಿ ಸಿಗಡಿ ಕಂಪನಿಗಳು ಬಂದು ಗದ್ದೆ ಕೊಂಡವು. ಗದ್ದೆ ಹೊಂಡವಾದರೆ ನಾಟಿ, ಕಳೆ, ಕೊಯ್ಲು ಯಾವುದೂ ಇಲ್ಲ, ಹೆಂಗಸರಿಗೆ ಕೂಲಿಯೂ ಇಲ್ಲ. ದಂಪತಿ ಸತ್ಯಾಗ್ರಹ ಹೂಡಿದರು. 1994ರಲ್ಲಿ ಎಂಬತ್ತರ ಹೊಸ್ತಿಲಲ್ಲಿದ್ದ ಜಗನ್ನಾಥನ್ ಸುಪ್ರೀಂ ಕೋರ್ಟಿಗೆ ಹೋದರು.

ನ್ಯಾಯಾಲಯ ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳನ್ನು ಕಳುಹಿಸಿ ಪರೀಕ್ಷೆ ಮಾಡಿಸಿತು. ಸಿಗಡಿಯ ಗಳಿಕೆ ಒಂದಾದರೆ, ಅದರಿಂದಾದ ಹಾನಿ ಆಂಧ್ರದಲ್ಲಿ ಸುಮಾರು ನಾಲ್ಕು ಪಟ್ಟು, ತಮಿಳುನಾಡಿನಲ್ಲಿ ಒಂದೂವರೆ ಪಟ್ಟು ಎಂದು ಅವರು ಲೆಕ್ಕ ಕೊಟ್ಟರು. 1996ರ ಡಿಸೆಂಬರ್ 11ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ಸಗೀರ್ ಅಹ್ಮದ್ ತೀರ್ಪಿತ್ತರು. 1991ರ ಕರಾವಳಿ ನಿಯಂತ್ರಣ ವಲಯದೊಳಗಿನ ಹೊಂಡಗಳನ್ನು 1997ರ ಮಾರ್ಚ್ 31ರೊಳಗೆ ತೆಗೆಯಬೇಕು, ಬೇಸಾಯದ ಭೂಮಿ, ಉಪ್ಪಿನ ಆಗರ, ಕಾಂಡ್ಲಾ ಕಾಡುಗಳನ್ನು ಹೊಂಡ ಮಾಡಬಾರದು, ಕೆಡಿಸಿದವರೇ ದಂಡ ತೆರಬೇಕು ಎಂದರು. ಗಜನಿಯಂಥ ಸಾಂಪ್ರದಾಯಿಕ ಸಿಗಡಿ ಕೃಷಿಗೆ ಮಾತ್ರ ವಿನಾಯಿತಿ ಕೊಟ್ಟರು. ಅಜ್ಜನ ತೂಬಿನ ಹಲಗೆಗೂ ಗುತ್ತಿಗೆದಾರರ ಪಂಪಿಗೂ ಇರುವ ವ್ಯತ್ಯಾಸ ದೆಹಲಿಯಲ್ಲಿ ಕುಳಿತವರಿಗೆ ತಿಳಿಯಿತು. ಜಗಲಿಯಲ್ಲಿ ಕುಳಿತಿದ್ದ ನನಗೆ ತಿಳಿದಿರಲಿಲ್ಲ!

ತೀರ್ಪು ಬಂದಂತೆಯೇ ಜಾರಿಯಾಯಿತು ಎಂದುಕೊಳ್ಳಬೇಡಿ. ಮರುಪರಿಶೀಲನೆಯ ಅರ್ಜಿಗಳು ಬಂದವು. 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆ ತಂದು, ನೋಂದಣಿ ಮಾಡಿಸಿದ ಹೊಂಡಗಳಿಗೆ ಮತ್ತೆ ದಾರಿ ತೆರೆಯಿತು. 2009ರ ನಂತರ ಹುಲಿ ಸಿಗಡಿಯ ಜಾಗಕ್ಕೆ ವನ್ನಾಮೆ ಎಂಬ ಹೊರದೇಶದ ತಳಿ ಬಂತು. ಸಿಗಡಿಯಿಂದ ದೇಶಕ್ಕೆ ಹಣ ಬಂದದ್ದು, ಎಷ್ಟೋ ಮನೆಗಳ ಒಲೆ ಉರಿದದ್ದು ಸುಳ್ಳಲ್ಲ. ನಮ್ಮ ಮನೆಗೆ ಹಂಚು ಹೊದೆಸಿದ್ದೂ ಆ ಬಾಡಿಗೆಯಿಂದಲೇ.

ನಮ್ಮ ಹೊಂಡವನ್ನು ಮಾತ್ರ ಯಾವ ಕೋರ್ಟೂ ಮುಚ್ಚಿಸಬೇಕಾಗಲಿಲ್ಲ. 1994-95ರಲ್ಲಿ ದೇಶದ ಸಿಗಡಿ ಹೊಂಡಗಳಿಗೆ ಬಿಳಿಚುಕ್ಕೆ ರೋಗ ತಗಲಿತು. ಮರುವರ್ಷ ನಮ್ಮಲ್ಲಿಗೂ ಬಂತು. ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡ ಕೆಲವೇ ದಿನಗಳಲ್ಲಿ ಸಿಗಡಿಯೆಲ್ಲ ಸತ್ತು ದಡಕ್ಕೆ ಬಿದ್ದವು. ಗುತ್ತಿಗೆದಾರರು ಪಂಪು ಕಿತ್ತುಕೊಂಡು ಹೊರಟರು. ಗದ್ದೆಯನ್ನು ಮೊದಲಿನಂತೆ ಮಾಡಿಕೊಡಿ ಎಂದು ಅಣ್ಣ ಕೇಳಿದ. "ಕರಾರು ಓದಿಲ್ವಾ? ಇದ್ದ ಸ್ಥಿತಿಯಲ್ಲಿ ಅಂತಿದೆ. ಬಿಡೋ ದಿನ ಹೇಗಿದೆಯೋ ಹಾಗೆ" ಎಂದರಂತೆ. ನಾನು ಓದಿಕೊಂಡದ್ದು ಕೊಟ್ಟ ದಿನ ಇದ್ದ ಸ್ಥಿತಿ ಎಂದು. ಭೂತ ಕೃದಂತವನ್ನು ಮಕ್ಕಳಿಗೆ ಪಾಠ ಹೇಳುವವಳು ನಾನು. ಒಂದು "ಇದ್ದ" ಯಾವ ದಿನದ್ದು ಎಂದು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಅಕ್ಷರ ಬಾರದ ಅಮ್ಮನಿಗೆ ಕೇಳಬೇಕಾದ ಪ್ರಶ್ನೆ ಹೊಳೆದಿತ್ತು.

ಮರುವರ್ಷ ಅಣ್ಣ ಕಗ್ಗ ಬಿತ್ತಲು ಹೊರಟರೆ ಮನೆಯಲ್ಲಿ ಬೀಜವೇ ಇರಲಿಲ್ಲ. ಬೇರೆ ಊರಿನಿಂದ ತಂದು ಬಿತ್ತಿದ. ಮೊಳಕೆ ಬಂದು ಹಳದಿಯಾಗಿ ಕರಗಿತು. ಕುಮಟಾದ ಮಾಣಿಕಟ್ಟಾದಂಥ ಕಡೆ ರೈತರು ಒಟ್ಟಾಗಿ ನಿಂತು ಕಗ್ಗವನ್ನು ಉಳಿಸಿಕೊಂಡರು, ಅದು ಅವರ ದೊಡ್ಡತನ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ ಸುದ್ದಿ ಓದಿ ಸಂತೋಷಪಟ್ಟೆ. ಅಮ್ಮ ಅದನ್ನು ಕೇಳಲು ಇರಲಿಲ್ಲ. ಕೊನೆಯವರೆಗೂ ಅವಳು ನನ್ನನ್ನು ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಈಗ ಬಾವಿಯ ನೀರು ಮಳೆಗಾಲದಲ್ಲಿ ಕುಡಿಯಲು ಬರುತ್ತದೆ, ಬೇಸಿಗೆಯಲ್ಲಿ ಬಾರದು. ಏರಿಯನ್ನು ಅಣ್ಣ ಸ್ವಲ್ಪ ಸ್ವಲ್ಪವಾಗಿ ಒಡೆದು ತಗ್ಗು ತುಂಬಿಸಿದ್ದಾನೆ, ಪ್ರತಿ ಮಳೆಗಾಲ ಹಲಗೆ ಎತ್ತಿ ಇಳಿಸಿ ತೊಳೆಯುತ್ತಿದ್ದಾನೆ. ಕಳೆದ ಆಷಾಢದಲ್ಲಿ ನಾನು ಹೋದಾಗ ಅವನ ಹಿಂದೆ ಗದ್ದೆಗೆ ನಡೆದೆ. ಮೂಲೆಯಲ್ಲಿ ನಿಂತ ನೀರಿಗೆ ಬೆರಳು ಅದ್ದಿ, ಅಜ್ಜನ ಹಾಗೆಯೇ ನಾಲಗೆಗೆ ಹಚ್ಚಿದ.

"ಇನ್ನೂ ಅದೆ" ಎಂದ. ಆಮೇಲೆ ನನ್ನ ಮುಖ ನೋಡಿ, "ಮೊದ್ಲಿನಷ್ಟಿಲ್ಲ ತಂಗೀ" ಎಂದ.