ವೆಬ್ಲಿ ರಿವಾಲ್ವರಿನ ಮೈಮೇಲಣ ಮುದ್ರೆಗಳು

ಶಾಸನವನ್ನೋದುವವನು ಮೊದಲು ಅಕ್ಷರಗಳ ಆಕೃತಿಯಿಂದ ಕಾಲವನ್ನು ಊಹಿಸಿ, ಆಮೇಲೆ ರಾಜನ ಹೆಸರನ್ನೂ ದಾನದ ವಿವರವನ್ನೂ ಅರಸುವನು. ಹಳೆಯ ಆಯುಧಗಳನ್ನು ಗುರುತಿಸುವ ಕ್ರಮವೂ ಇದಕ್ಕಿಂತ ಬಹಳ ಭಿನ್ನವಾದುದಲ್ಲ. ಬ್ರಿಟಿಷ್ ಸೇನೆಯು ಬಳಸಿ, ಬಳಿಕ ಬೇಡವೆಂದು ಮಾರಿಬಿಟ್ಟ ವೆಬ್ಲಿ ರಿವಾಲ್ವರುಗಳೇ ಇದಕ್ಕೆ ತಕ್ಕ ನಿದರ್ಶನ. ಕಾರ್ಖಾನೆಯನ್ನು ಬಿಟ್ಟ ದಿನದಿಂದ ಕೈಕೈ ದಾಟಿ ಬಂದ ಇವುಗಳ ಚರಿತ್ರೆಯು ಕಾಗದಪತ್ರಗಳಲ್ಲಿ ಉಳಿದಿರುವುದು ಅಪರೂಪ. ಉಕ್ಕಿನ ಮೇಲಣ ಸಣ್ಣ ಸಣ್ಣ ಅಚ್ಚುಗಳಲ್ಲಿ ಮಾತ್ರ ಅದು ಉಳಿದಿರುವುದುಂಟು.

ವೆಬ್ಲಿ ಮನೆತನದವರು ಬರ್ಮಿಂಗ್‌ಹ್ಯಾಮ್ ಪಟ್ಟಣದ ಕೋವಿ ತಯಾರಕರು. ಅವರ ರಿವಾಲ್ವರನ್ನು 1887ರಲ್ಲಿ ಬ್ರಿಟಿಷ್ ಸರಕಾರವು ಸೇನೆಗೆ ಅಂಗೀಕರಿಸಿತು. ಇದೇ ಮೊದಲನೆಯ ಮಾರ್ಕ್. 1894, 1897, 1899, 1913ರಲ್ಲಿ ಮುಂದಿನ ನಾಲ್ಕು ಮಾರ್ಕುಗಳು ಬಂದುವು. ಮಹಾಸಮರದ ನಡುವೆ, 1915ರಲ್ಲಿ, ಆರನೆಯದು ಬಂದಿತು. ಇವೆಲ್ಲವುಗಳ ರಚನೆಯ ತತ್ತ್ವವೊಂದೇ. ಹಿಂಬದಿಯ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆಯು ತಿರುಗಣಿಯ ಮೇಲೆ ಕೆಳಕ್ಕೆ ಬಾಗುವುದು. ಬಾಗುತ್ತಲೇ ಉರುಳೆಯ ನಡುವಿನಿಂದ ನಕ್ಷತ್ರಾಕಾರದ ತುಂಡೊಂದು ಮೇಲೆದ್ದು ಆರು ಖಾಲಿ ತೋಟಾಗಳನ್ನೂ ಒಮ್ಮೆಗೇ ಹೊರಚೆಲ್ಲುವುದು. ಕುದುರೆಯ ಮೇಲೆ ಕುಳಿತ ಸವಾರನಿಗೂ ಕಂದಕದ ಕೆಸರಿನಲ್ಲಿ ನಿಂತ ಪದಾತಿಗೂ ಈ ಏರ್ಪಾಡು ಬಹಳ ಒದಗಿತೆಂಬುದರಲ್ಲಿ ಸಂಶಯವಿಲ್ಲ. 1932ರಲ್ಲಿ .38 ಅಂಗುಲದ ಎನ್‌ಫೀಲ್ಡ್ ರಿವಾಲ್ವರು ಇದರ ಸ್ಥಾನಕ್ಕೆ ಬಂದರೂ, ಎರಡನೆಯ ಮಹಾಯುದ್ಧದಲ್ಲಿ ಆಯುಧಗಳ ಅಭಾವದಿಂದ ಈ ಮುದುಕನನ್ನೇ ಮತ್ತೆ ಕರೆಯಬೇಕಾಯಿತು. ಕಾನ್ಪುರದ ಸಣ್ಣ ಆಯುಧಗಳ ಕಾರ್ಖಾನೆಯಿಂದ ಹೊರಬಂದ .32 ಅಂಗುಲದ ಭಾರತೀಯ ರಿವಾಲ್ವರೂ ವೆಬ್ಲಿಯ ವಂಶಕ್ಕೇ ಸೇರಿದುದು.

ಮಾರ್ಕನ್ನು ನಿರ್ಣಯಿಸುವಾಗ ಅನನುಭವಿಗಳು ನಳಿಗೆಯ ಉದ್ದವನ್ನು ಅಳೆದು ಮೋಸಹೋಗುವರು. ಮೊದಲಿನ ಮಾರ್ಕುಗಳಿಗೆ ಸಾಮಾನ್ಯವಾಗಿ ನಾಲ್ಕು ಅಂಗುಲದ ನಳಿಗೆ, ಆರನೆಯದಕ್ಕೆ ಆರು ಅಂಗುಲದ್ದು, ಎಂಬುದು ನಿಜವೇ. ಆದರೆ ಯುದ್ಧಕಾಲದಲ್ಲಿ ಹಳೆಯ ರಿವಾಲ್ವರುಗಳಿಗೂ ಆರು ಅಂಗುಲದ ನಳಿಗೆಗಳನ್ನು ಜೋಡಿಸಿದುದುಂಟು. ಆದುದರಿಂದ ಹಿಡಿಯನ್ನು ನೋಡುವುದೇ ಲೇಸು: ಮೊದಲ ಐದರಲ್ಲಿ ಅದು ಹಕ್ಕಿಯ ಕೊಕ್ಕಿನಂತೆ ದುಂಡಾಗಿ ಬಾಗಿರುವುದು, ಆರನೆಯದರಲ್ಲಿ ತಳವು ಚೌಕವಾಗಿ ಕತ್ತರಿಸಿದಂತಿರುವುದು. ಇಷ್ಟಾದ ಮೇಲೆ ಮಾರ್ಕಿನ ಅಚ್ಚನ್ನೂ ವರ್ಷವನ್ನೂ ಓದಬೇಕು. 1921ರಿಂದ 1926ರವರೆಗೆ ಆರನೆಯ ಮಾರ್ಕನ್ನು ಎನ್‌ಫೀಲ್ಡಿನ ಸರಕಾರಿ ಕಾರ್ಖಾನೆಯಲ್ಲಿಯೇ ಮಾಡುತ್ತಿದ್ದರು; ಅಂತಹವುಗಳ ಮೇಲೆ ವೆಬ್ಲಿಯ ಹೆಸರನ್ನು ಕಾಣದೆ ನಕಲೆಂದು ತಳ್ಳಿಹಾಕಬಾರದು.

ಇನ್ನು ಬಾಣದ ಗುರುತು. ಮೂರು ಗೆರೆಗಳ ಅಗಲವಾದ ಈ ಬಾಣವು ಬ್ರಿಟಿಷ್ ಸರಕಾರದ ಸ್ವತ್ತಿನ ಚಿಹ್ನೆ. ಭಾರತ ಸರಕಾರದ ಆಯುಧಗಳಲ್ಲಿ ಬಾಣದೊಡನೆ ‘ಐ’ ಎಂಬ ಇಂಗ್ಲಿಷ್ ಅಕ್ಷರವು ಕೂಡಿರುವುದುಂಟು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ, ಸರಕಾರವು ತನ್ನ ಹಕ್ಕನ್ನು ಬಿಟ್ಟು ಆಯುಧವನ್ನು ಮಾರಿತೆಂದರ್ಥ. ಸ್ವತ್ತಿನ ಪತ್ರವೂ ಬಿಡುಗಡೆಯ ಪತ್ರವೂ ಒಂದೇ ಉಕ್ಕಿನ ಮೇಲೆ! ಹೀಗೆ ಮಾರಾಟವಾದುದು ಇಂಗ್ಲೆಂಡಿನ ಅಂಗಡಿಗೆ ಹೋಗಬೇಕಾದರೆ ಬರ್ಮಿಂಗ್‌ಹ್ಯಾಮ್ ಇಲ್ಲವೆ ಲಂಡನ್ನಿನ ಪರೀಕ್ಷಾಗೃಹದಲ್ಲಿ ಹೆಚ್ಚು ಭಾರದ ತೋಟಾವನ್ನು ಹಾರಿಸಿ ಮುದ್ರೆ ಹೊಡೆಸಬೇಕಾಗಿದ್ದಿತು. ಬರ್ಮಿಂಗ್‌ಹ್ಯಾಮಿನ ಗೃಹವು 1813ರಲ್ಲಿ ಪಾರ್ಲಿಮೆಂಟಿನ ಕಾನೂನಿನಿಂದ ಸ್ಥಾಪಿತವಾದುದು. ನಳಿಗೆ, ಉರುಳೆ, ಚೌಕಟ್ಟು ಇವುಗಳ ಮೇಲಣ ಸಂಖ್ಯೆಗಳು ಒಂದೇ ಆಗಿವೆಯೋ ಎಂಬುದನ್ನೂ ನೋಡಬೇಕು. ಭಿನ್ನವಾಗಿದ್ದರೆ, ಯಾವುದೋ ದುರಸ್ತಿಶಾಲೆಯಲ್ಲಿ ಎರಡು ಮೂರು ಆಯುಧಗಳ ಅಂಗಗಳು ಬೆರೆತಿವೆಯೆಂದು ತಿಳಿಯಬೇಕು.

ಎಲ್ಲಕ್ಕಿಂತಲೂ ಎಚ್ಚರದಿಂದ ಪರೀಕ್ಷಿಸಬೇಕಾದುದು ಉರುಳೆಯ ಹಿಂಬದಿ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕಕ್ಕೆ ಹೋದ ವೆಬ್ಲಿಗಳಿಗೆ .455 ಅಂಗುಲದ ತೋಟಾ ಅಲ್ಲಿ ಸುಲಭವಾಗಿ ದೊರೆಯುತ್ತಿರಲಿಲ್ಲ. ಆ ದೇಶದ .45 ಪಿಸ್ತೂಲಿನ ತೋಟಾ ಮಾತ್ರ ಯಥೇಚ್ಛವಾಗಿದ್ದಿತು. ಅದಕ್ಕೆ ಹೊರಚಾಚಿದ ಅಂಚಿಲ್ಲವಾದುದರಿಂದ, ವ್ಯಾಪಾರಿಗಳು ಉರುಳೆಯ ಹಿಂಬದಿಯನ್ನು ಕೆತ್ತಿ ತೆಳುಮಾಡಿ, ಅರ್ಧಚಂದ್ರಾಕಾರದ ತಗಡಿನಲ್ಲಿ ಮೂರು ಮೂರು ತೋಟಾಗಳನ್ನು ಸಿಕ್ಕಿಸಿ ಬಳಸುವಂತೆ ಮಾಡಿದರು. ವ್ಯಾಪಾರವೇನೋ ನಡೆಯಿತು. ಆದರೆ ಪಿಸ್ತೂಲಿನ ತೋಟಾದ ಒತ್ತಡವು ವೆಬ್ಲಿಯ ಸ್ವಂತ ತೋಟಾದ ಒತ್ತಡವನ್ನು ಬಹಳವಾಗಿ ಮೀರುವುದು. ನಾಲ್ಕು ದಿನದ ಅನುಕೂಲಕ್ಕಾಗಿ ಎಷ್ಟೋ ಉತ್ತಮ ಆಯುಧಗಳು ಹೀಗೆ ಕೆಟ್ಟುವು. ಹಿಡಿದವನ ಕೈಗೂ ಅಪಾಯವು ತಪ್ಪಲಿಲ್ಲ. ಕೆತ್ತಿಹೋದ ಉಕ್ಕನ್ನು ಮತ್ತೆ ಕೂಡಿಸುವ ವಿದ್ಯೆಯಿಲ್ಲ. ಕೆತ್ತದ ಮತ್ತೊಂದು ಉರುಳೆಯನ್ನು ಹುಡುಕಿ ಹಾಕಿದರೆ ಸಂಖ್ಯೆಯು ಹೊಂದುವುದಿಲ್ಲ.

ಜೀರ್ಣೋದ್ಧಾರವೆಂಬ ಮಾತೇ ಇಲ್ಲಿ ಗಂಡಾಂತರದ್ದು. ಹಳೆಯ ತಾಮ್ರಶಾಸನವನ್ನು ಪೂಜೆಯ ತಂಬಿಗೆಯಂತೆ ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದರೆ ಹೊಳಪು ಬರುವುದು, ಅಕ್ಷರವು ಸವೆಯುವುದು. ಸಾಣೆಗೆ ಹಿಡಿದು ಹೊಸ ನೀಲಿ ಬಣ್ಣವನ್ನು ಕಟ್ಟಿಸಿದ ವೆಬ್ಲಿಯ ಗತಿಯೂ ಅದೇ. ಬಾಣವೂ ಕಿರೀಟವೂ ಮಾಸಿಹೋಗಿ, ಅಂಚುಗಳು ಸಾಬೂನಿನಂತೆ ದುಂಡಾಗುವುವು. ತಿಳಿದವರು ಹಾಗೆ ಮಾಡರು. ತೋಟಾ ಇಲ್ಲವೆಂಬುದನ್ನು ಎರಡಾವರ್ತಿ ನೋಡಿಕೊಂಡು, ತಿರುಪುಗಳ ಸೀಳಿಗೆ ಸರಿಯಾಗಿ ಅರಗೊಳಿಸಿದ ಉಳಿಯಿಂದ ಅವನ್ನು ಬಿಚ್ಚುವರು. ಸಾಧಾರಣ ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಮೃದುವಾದ ಕಂಚಿನ ನಾರಿನಿಂದ ತೆಗೆಯುವರು. ಕೆಂಪು ತುಕ್ಕು ಆಳವಾಗಿದ್ದರೆ ಶುದ್ಧ ನೀರಿನಲ್ಲಿ ಕುದಿಸುವರು. ಅದು ಕಪ್ಪಾಗಿ, ನೀಲಿ ಬಣ್ಣದೊಡನೆ ಬಹುಮಟ್ಟಿಗೆ ಬೆರೆತು ನಿಲ್ಲುವುದು. ಹಿಡಿಯ ಹಲಗೆಗಳನ್ನು ಮಾತ್ರ ಮೊದಲೇ ಬಿಚ್ಚಿಡಬೇಕು. ಆರನೆಯ ಮಾರ್ಕಿನಲ್ಲಿ ಅವು ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರಿನವು. ಬಿಸಿಲಿನಲ್ಲಿಯೂ ಬಿಸಿನೀರಿನಲ್ಲಿಯೂ ಕಪ್ಪು ಹೋಗಿ ಕಂದಾಗುವುವು. ನಳಿಗೆಯ ತುದಿಯಲ್ಲಿ ಬಣ್ಣವು ಮಾಸಿರುವುದು ಚರ್ಮದ ಚೀಲದ ತಿಕ್ಕಾಟದಿಂದ. ಅದು ದೋಷವಲ್ಲ, ಸೇವೆಯ ಗುರುತು. ಮುರಿದ ಕಮಾನನ್ನು ಬದಲಿಸಿದರೆ ಹಳೆಯದನ್ನು ಎಸೆಯದೆ ಚೀಟಿ ಕಟ್ಟಿ ಜೊತೆಯಲ್ಲಿಡುವ ಪದ್ಧತಿಯು ಮೆಚ್ಚತಕ್ಕದ್ದು.

ಭಾರತದಲ್ಲಿ 1959ರ ಆಯುಧಗಳ ಕಾನೂನಿನಂತೆ ಇಂತಹ ರಿವಾಲ್ವರನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾದುದರಿಂದ, ಈ ಕೆಲಸವೆಲ್ಲವೂ ಅಧಿಕಾರವುಳ್ಳವರಿಗೆ ಮಾತ್ರ ಸಲ್ಲತಕ್ಕದ್ದು. ಕೆಲಸವು ಮುಗಿದ ಮೇಲೆ ತೆಳುವಾಗಿ ಎಣ್ಣೆ ಸವರಿ ಒಣಗಿದ ಬಟ್ಟೆಯಲ್ಲಿ ಇಡುವುದು ಕ್ರಮ. ಅದರದೇ ಹಳೆಯ ಚರ್ಮದ ಚೀಲವು ದೊರೆತಿದ್ದರೂ ಅದರೊಳಗೆ ಇಡಲಾಗದು. ಹದಮಾಡಿದ ಚರ್ಮದಲ್ಲಿ ಉಳಿದ ಆಮ್ಲವು ತೇವವನ್ನು ಎಳೆದುಕೊಂಡು ಒಂದು ಮಳೆಗಾಲದಲ್ಲಿಯೇ ಉಕ್ಕನ್ನು ತಿನ್ನತೊಡಗುವುದು.